ಪ್ರಕಟಣೆಯ ಮೊದಲ ಸಾಲು: ಸಾರ್ವಜನಿಕ ಸಂಪರ್ಕ ಕ್ಷೇತ್ರದಲ್ಲಿ ಕೆಲಸ ಹುಡುಕುವವರೊಂದಿಗೆ ಕೆಲವು ಮಾತು

(ಶಿವಮೊಗ್ಗದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ,

ಸಾರ್ವಜನಿಕ ಸಂಪರ್ಕ ಕ್ಷೇತ್ರಕ್ಕೆ ಬರಬೇಕೆಂದಿರುವ ಯುವಕ ಯುವತಿಯರನ್ನು ಸಂದರ್ಶಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಈ ವೃತ್ತಿಯನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದಾಗ ಬಹುತೇಕರು ಕೊಡುವ ಉತ್ತರ ಒಂದೇ: “ನನಗೆ ಜನರೊಂದಿಗೆ ಬೆರೆಯುವುದು ಇಷ್ಟ, ಚೆನ್ನಾಗಿ ಮಾತನಾಡುತ್ತೇನೆ.” ಇದು ತಪ್ಪು ಉತ್ತರವಲ್ಲ. ಆದರೆ ಕೆಲಸ ಕೊಡುವವರಿಗೆ ಇದರಿಂದ ತಿಳಿಯುವುದು ಬಹಳ ಕಡಿಮೆ. ಈ ವೃತ್ತಿಯ ಮೊದಲ ಮೂರು ವರ್ಷಗಳಲ್ಲಿ ಮಾತನಾಡುವುದಕ್ಕಿಂತ ಓದುವುದು, ಬರೆಯುವುದು ಮತ್ತು ಇನ್ನೊಬ್ಬರು ಹೇಳುವುದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಎಷ್ಟೋ ಪಾಲು ಹೆಚ್ಚು. ಚೆನ್ನಾಗಿ ಮಾತನಾಡುವವರು ಈ ಕ್ಷೇತ್ರದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಒಂದು ವಿಷಯವನ್ನು ತಪ್ಪಿಲ್ಲದೆ, ಓದುಗನಿಗೆ ಬೇಕಾದ ಕ್ರಮದಲ್ಲಿ, ಮುನ್ನೂರು ಪದಗಳಲ್ಲಿ ಬರೆದುಕೊಡುವವರಿಗಾಗಿ ಎಲ್ಲ ಕಚೇರಿಗಳೂ ಹುಡುಕಾಡುತ್ತಲೇ ಇವೆ. ಕೆಲಸ ಹುಡುಕುವುದರ ಬಗ್ಗೆ ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಅನುಭವದಿಂದ ಹುಟ್ಟಿದ್ದು.

ಬೇರೆ ಸಂಸ್ಥೆಗಳಿಗಾಗಿ ಸಾರ್ವಜನಿಕ ಸಂಪರ್ಕದ ಕೆಲಸ ಮಾಡಿಕೊಡುವ ಬೆಂಗಳೂರಿನ ಒಂದು ಪಿಆರ್ ಏಜೆನ್ಸಿಯಲ್ಲಿ ಹೊಸದಾಗಿ ಸೇರಿದವರ ದಿನ ಹೇಗೆ ಆರಂಭವಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೆಳಿಗ್ಗೆ ಏಳಕ್ಕೆಲ್ಲ ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳನ್ನು ತಿರುವಿ, ತಮ್ಮ ಕ್ಲೈಂಟ್‌ಗಳ ಬಗ್ಗೆ, ಅವರ ಪ್ರತಿಸ್ಪರ್ಧಿಗಳ ಬಗ್ಗೆ, ಅವರ ಉದ್ಯಮಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶಗಳ ಬಗ್ಗೆ ಏನೇನು ಬಂದಿದೆ ಎಂದು ಗುರುತಿಸಿ, ಒಂಬತ್ತು ಗಂಟೆಯೊಳಗೆ ಒಂದು ಟಿಪ್ಪಣಿ ಕಳುಹಿಸಬೇಕು. ಅನಂತರ ಪ್ರಕಟಣೆಗಳ ಕರಡು, ವರದಿಗಾರರ ಹೆಸರು ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿಯ ಪರಿಷ್ಕರಣೆ, ಕಳುಹಿಸಿದ ಪ್ರಕಟಣೆ ತಲುಪಿತೇ ಎಂದು ವಿಚಾರಿಸುವ ಕರೆಗಳು, ಕ್ಲೈಂಟ್‌ನ ಅಧಿಕಾರಿ ಸಂದರ್ಶನಕ್ಕೆ ಹೋಗುವ ಮುನ್ನ ಓದಿಕೊಳ್ಳಬೇಕಾದ ಎರಡು ಪುಟಗಳ ಟಿಪ್ಪಣಿ. ಸಭೆ, ಸಮಾರಂಭ, ಕ್ಯಾಮೆರಾಗಳ ಬೆಳಕು ಇವೆಲ್ಲ ಇರುವುದು ನಿಜ. ಆದರೆ ಅಲ್ಲಿ ನೀವು ನಿಲ್ಲುವುದು ವೇದಿಕೆಯ ಹಿಂಬದಿಯಲ್ಲಿ, ಕೈಯಲ್ಲೊಂದು ಪಟ್ಟಿ ಹಿಡಿದುಕೊಂಡು. ಈ ಚಿತ್ರ ನಿಮಗೆ ಬೇಸರ ತರಿಸಿದರೆ ಈಗಲೇ ಬೇರೆ ದಾರಿ ನೋಡುವುದು ಒಳ್ಳೆಯದು. ಇದರಲ್ಲಿ ಏನೋ ಒಂದು ಕುತೂಹಲ ಹುಟ್ಟಿದರೆ ಮುಂದಿನ ಮಾತುಗಳು ನಿಮಗಾಗಿಯೇ.

ಈ ವೃತ್ತಿಯ ಇತಿಹಾಸದಲ್ಲಿ ಒಂದು ಘಟನೆಯನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. 1906ರಲ್ಲಿ ಅಮೆರಿಕದಲ್ಲಿ ಐವಿ ಲೀ ಎಂಬ ಮಾಜಿ ಪತ್ರಕರ್ತ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುತ್ತಿದ್ದಾಗ ಪತ್ರಿಕೆಗಳಿಗೆ ಒಂದು ಘೋಷಣೆಯನ್ನು ಕಳುಹಿಸಿದ. ನಾವು ಗುಟ್ಟಾಗಿ ಕೆಲಸ ಮಾಡುವವರಲ್ಲ, ನಮ್ಮದು ಜಾಹೀರಾತು ಸಂಸ್ಥೆಯೂ ಅಲ್ಲ, ನಾವು ಕಳುಹಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದ ಸರಕು ಎಂದು ನಿಮಗೆ ಅನಿಸಿದರೆ ಅದನ್ನು ಬಳಸಬೇಡಿ ಎಂಬುದು ಅದರ ತಾತ್ಪರ್ಯ. ಅದೇ ವರ್ಷ ಒಂದು ರೈಲು ಅಪಘಾತವಾದಾಗ, ಸುದ್ದಿಯನ್ನು ಮುಚ್ಚಿಡುವ ಅಂದಿನ ರೂಢಿಯನ್ನು ಬಿಟ್ಟು, ರೈಲ್ವೆ ಕಂಪನಿಯ ಪರವಾಗಿ ಪತ್ರಕರ್ತರಿಗೆ ಆತನೇ ಮಾಹಿತಿ ಒದಗಿಸಿದ. ಐವಿ ಲೀಯ ಮುಂದಿನ ಬದುಕಿನಲ್ಲಿ ಆಕ್ಷೇಪಿಸಬಹುದಾದ ಸಂಗತಿಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನೂರು ವರ್ಷಕ್ಕೂ ಹಿಂದಿನ ಆ ಒಂದು ಪುಟದಲ್ಲಿ ನಮ್ಮ ಕೆಲಸದ ಗಡಿ ಎಲ್ಲಿದೆ ಎಂಬುದು ಸ್ಪಷ್ಟವಾಗಿದೆ. ಬಳಸಬೇಡಿ ಎಂದು ಹೇಳುವ ಧೈರ್ಯ ಇರುವವನ ಪ್ರಕಟಣೆಯನ್ನೇ ಸಂಪಾದಕರು ಬಳಸುತ್ತಾರೆ.

ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮೆಸ್ಕಾಂ ಕೊಡುವ “ವಿದ್ಯುತ್ ವ್ಯತ್ಯಯ” ಎಂಬ ಪುಟ್ಟ ಪ್ರಕಟಣೆಯನ್ನು ನೀವೆಲ್ಲ ನೋಡಿದ್ದೀರಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಯಾವ ಬಡಾವಣೆಗಳಲ್ಲಿ, ಯಾವ ಕಾಮಗಾರಿಗಾಗಿ ಎಂಬ ನಾಲ್ಕು ಸಂಗತಿಗಳು ಅದರಲ್ಲಿರುತ್ತವೆ. ಅದನ್ನು ಓದಿದ ಗೃಹಿಣಿ ಹಿಂದಿನ ರಾತ್ರಿಯೇ ದೋಸೆಹಿಟ್ಟು ರುಬ್ಬಿಡುತ್ತಾಳೆ, ಹಿಟ್ಟಿನ ಗಿರಣಿಯವನು ಗಿರಾಕಿಗಳಿಗೆ ಮಧ್ಯಾಹ್ನದ ಮೇಲೆ ಬನ್ನಿ ಎನ್ನುತ್ತಾನೆ. ಒಂದು ಬರಹ ಓದಿದವರ ದಿನಚರಿಯನ್ನೇ ಬದಲಾಯಿಸುವುದಾದರೆ ಅದಕ್ಕಿಂತ ಯಶಸ್ವಿಯಾದ ಸಾರ್ವಜನಿಕ ಸಂಪರ್ಕ ಇನ್ನೇನಿದೆ? ಅದರಲ್ಲಿ ಒಂದು ವಿಶೇಷಣವೂ ಇರುವುದಿಲ್ಲ ಎಂಬುದನ್ನು ಗಮನಿಸಿ.

ಇದೇ ಮಲೆನಾಡು ಕಲಿಸುವ ಇನ್ನೊಂದು ಪಾಠ ಹೆಚ್ಚು ಕಠಿಣವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ರೋಗಕ್ಕೆ ವೈದ್ಯಲೋಕ ಆ ಕಾಡಿನ ಹೆಸರನ್ನೇ ಇಟ್ಟಿತು. ಜನರ ಬಾಯಲ್ಲಿ ಅದು “ಮಂಗನ ಕಾಯಿಲೆ” ಆಯಿತು. ಆ ಹೆಸರು ನೆನಪಿನಲ್ಲಿ ಉಳಿಯುವಂಥದು, ಆದರೆ ಅರ್ಧ ಸತ್ಯವನ್ನಷ್ಟೇ ಹೇಳುವಂಥದು. ರೋಗವನ್ನು ಮನುಷ್ಯರಿಗೆ ತಗುಲಿಸುವುದು ಕಾಡಿನ ಉಣುಗು ಎಂಬ ರಕ್ತ ಹೀರುವ ಪುಟ್ಟ ಹುಳ. ಮಂಗ ಕೂಡ ಅದೇ ರೋಗಕ್ಕೆ ಬಲಿಯಾಗುವ ಪ್ರಾಣಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಈ ರೋಗದಿಂದ ಪ್ರಾಣ ಕಳೆದುಕೊಂಡರು. ಆರೋಗ್ಯ ಇಲಾಖೆಯ ಪರವಾಗಿ ಒಂದು ಕರಪತ್ರ ಬರೆಯುವ ಕೆಲಸ ನಿಮಗೆ ಬಂದಿದೆ ಎಂದುಕೊಳ್ಳಿ. ಮಂಗದ ಚಿತ್ರ ಹಾಕಿದರೆ ಜನ ಮಂಗಕ್ಕೆ ಹೆದರುತ್ತಾರೆ, ಉಣುಗನ್ನು ಮರೆಯುತ್ತಾರೆ. ಉಣುಗಿನ ಚಿತ್ರವನ್ನಷ್ಟೇ ಹಾಕಿದರೆ ಅದು ಯಾವ ರೋಗದ ಕುರಿತು ಎಂದೇ ತಿಳಿಯುವುದಿಲ್ಲ. “ಕಾಡಿಗೆ ಹೋಗಬೇಡಿ” ಎಂದು ಬರೆದರೆ ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡನ್ನೇ ನಂಬಿರುವ ಮನೆಯವರು ಆ ಕರಪತ್ರವನ್ನು ಅಲ್ಲಿಯೇ ಮಡಚಿ ಇಡುತ್ತಾರೆ. ಹೋಗುವ ಮುನ್ನ ಉಣುಗು ಹತ್ತದಂತೆ ತಡೆಯುವ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ತೊಡಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ, ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಎಂದು, ಅವರ ದಿನಚರಿಯ ಕ್ರಮದಲ್ಲಿಯೇ ಬರೆದಾಗ ಮಾತ್ರ ಅದು ಅವರಿಗೆ ಉಪಯೋಗಕ್ಕೆ ಬರುತ್ತದೆ. ಇಂಥದೊಂದು ಕರಪತ್ರವನ್ನು ನೀವು ನೀವಾಗಿಯೇ ಬರೆದು, ಹಳ್ಳಿಯ ನಾಲ್ಕು ಜನರಿಗೆ ಓದಿ ಹೇಳಿ, ಅವರು ಎಲ್ಲಿ ತಡವರಿಸಿದರು ಎಂದು ನೋಡಿ ತಿದ್ದಿದ್ದರೆ, ಸಂದರ್ಶನದಲ್ಲಿ ಅದನ್ನು ಮುಂದಿಡಿ. ಆಮೇಲೆ ನಿಮ್ಮ ಅಂಕಪಟ್ಟಿಯನ್ನು ಯಾರೂ ಎರಡನೆಯ ಬಾರಿ ನೋಡುವುದಿಲ್ಲ.

ಇನ್ನು ಪತ್ರಿಕಾ ಪ್ರಕಟಣೆಯ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೊಸಬರನ್ನು ಅಳೆಯುವ ಮೊದಲ ಅಳತೆಗೋಲು ಇದೇ. ಸಹಕಾರ ಸಂಘವೊಂದು ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಮಾಹಿತಿ ಶಿಬಿರ ಏರ್ಪಡಿಸಿದೆ ಎಂದಿಟ್ಟುಕೊಳ್ಳಿ. ನಮ್ಮ ಕಡೆ ಸಾಮಾನ್ಯವಾಗಿ ಬರೆಯುವ ಪ್ರಕಟಣೆ ಹೀಗಿರುತ್ತದೆ: “ಸಂಘದ ಮಾನ್ಯ ಅಧ್ಯಕ್ಷರ ಘನ ಅಧ್ಯಕ್ಷತೆಯಲ್ಲಿ, ಮಾನ್ಯ ಶಾಸಕರ ಘನ ಉಪಸ್ಥಿತಿಯಲ್ಲಿ, ನಿರ್ದೇಶಕ ಮಂಡಳಿಯ ಸರ್ವ ಸದಸ್ಯರ ಸಹಕಾರದೊಂದಿಗೆ ರೈತ ಬಾಂಧವರ ಅನುಕೂಲಕ್ಕಾಗಿ ಮಹತ್ವದ ಕಾರ್ಯಕ್ರಮವೊಂದನ್ನು ಹಮ್ಮಿಕೊಳ್ಳಲಾಗಿದ್ದು, ಸರ್ವರೂ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ಕೋರಲಾಗಿದೆ.” ಇಷ್ಟು ಓದಿದ ಮೇಲೂ ಕಾರ್ಯಕ್ರಮ ಯಾವುದರ ಬಗ್ಗೆ ಎಂಬುದು ಬೆಳೆಗಾರನಿಗೆ ಗೊತ್ತಾಗುವುದಿಲ್ಲ. ಪತ್ರಿಕೆಯ ಉಪಸಂಪಾದಕ ಇದನ್ನು ತಿರುಗಿಸಿ ಬರೆಯಲು ಹತ್ತು ನಿಮಿಷ ವ್ಯಯಿಸಬೇಕು; ಸಂಜೆಯ ಹೊತ್ತಿನಲ್ಲಿ ಅವನ ಬಳಿ ಆ ಹತ್ತು ನಿಮಿಷ ಇರುವುದಿಲ್ಲ.

ಅದನ್ನೇ ಹೀಗೆ ಬರೆದು ನೋಡಿ: “ಅಡಿಕೆ ಎಲೆಚುಕ್ಕಿ ರೋಗದ ಹತೋಟಿ ಕುರಿತು ಬೆಳೆಗಾರರಿಗೆ ಮಾಹಿತಿ ಶಿಬಿರ ಇದೇ 14ರ ಭಾನುವಾರ ಬೆಳಿಗ್ಗೆ 10ಕ್ಕೆ ಸಂಘದ ಗೋದಾಮಿನ ಆವರಣದಲ್ಲಿ ನಡೆಯಲಿದೆ. ರೋಗ ತಗುಲಿದ ಎಲೆಯನ್ನು ತಂದವರಿಗೆ ತಜ್ಞರು ಸ್ಥಳದಲ್ಲಿಯೇ ಪರಿಶೀಲಿಸಿ ಸಲಹೆ ನೀಡುವರು. ಪ್ರವೇಶ ಉಚಿತ.” ಅಧ್ಯಕ್ಷರ, ಶಾಸಕರ, ತಜ್ಞರ ಹೆಸರುಗಳು ಮೂರನೆಯ ವಾಕ್ಯವೃಂದಕ್ಕೆ ಬರಲಿ. ಕೊನೆಯಲ್ಲಿ ಮಾಹಿತಿಗಾಗಿ ಕರೆ ಮಾಡಬಹುದಾದ ಒಬ್ಬರ ಹೆಸರು ಮತ್ತು ಸಂಖ್ಯೆ. ಇದರಲ್ಲಿ ಯಾವ ಜಾಣ್ಮೆಯೂ ಇಲ್ಲ ಎಂದು ನಿಮಗೆ ಅನಿಸಬಹುದು. ನಿಜವಾದ ಕಷ್ಟ ಆಮೇಲೆ ಎದುರಾಗುತ್ತದೆ: ತಮ್ಮ ಹೆಸರು ಮೂರನೆಯ ವಾಕ್ಯವೃಂದಕ್ಕೆ ಇಳಿದದ್ದನ್ನು ಅಧ್ಯಕ್ಷರು ಒಪ್ಪುವಂತೆ ಮಾಡುವುದು. ಅವರ ಮನಸ್ಸನ್ನು ನೋಯಿಸದೆ, ಹಿರಿಯರಿಗೆ ಸಲ್ಲಬೇಕಾದ ಗೌರವ ಆಹ್ವಾನ ಪತ್ರಿಕೆಯಲ್ಲಿ ಮತ್ತು ವೇದಿಕೆಯಲ್ಲಿ ಪೂರ್ತಿಯಾಗಿ ಸಲ್ಲುತ್ತದೆ, ಪತ್ರಿಕೆಯ ಓದುಗನಿಗೆ ಮಾತ್ರ ಮೊದಲು ವಿಷಯ ಬೇಕು, ವಿಷಯ ಕಂಡರಷ್ಟೇ ಜನ ಬರುತ್ತಾರೆ, ಜನ ಬಂದರಷ್ಟೇ ಅಧ್ಯಕ್ಷರಿಗೂ ಶೋಭೆ ಎಂದು ವಿವರಿಸಿ ಹೇಳಬೇಕು. ಸಾರ್ವಜನಿಕ ಸಂಪರ್ಕದವರು ಮನವೊಲಿಸಬೇಕಾದ ಮೊದಲ ವ್ಯಕ್ತಿ ಹೊರಗಿನವನಲ್ಲ, ತಮ್ಮದೇ ಸಂಸ್ಥೆಯ ಮುಖ್ಯಸ್ಥ. ಈ ಮಾತನ್ನು ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ, ಆದರೆ ನನ್ನ ಕೆಲಸದ ಅರ್ಧದಷ್ಟು ಶ್ರಮ ಹೋಗಿರುವುದು ಇದಕ್ಕೇ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಒಂದು ಪತ್ರಿಕಾಗೋಷ್ಠಿಯ ಆಹ್ವಾನದಲ್ಲಿ ದಿನಾಂಕವನ್ನು ಬುಧವಾರದ್ದು ಬರೆದು, ವಾರವನ್ನು ಗುರುವಾರ ಎಂದು ಬರೆದಿದ್ದೆ. ಗೋಷ್ಠಿ ಇದ್ದದ್ದು ಗುರುವಾರ. ದಿನಾಂಕವನ್ನು ನಂಬಿದ ಮೂವರು ವರದಿಗಾರರು ಬುಧವಾರವೇ ಬಂದು, ಬೀಗ ಹಾಕಿದ ಸಭಾಂಗಣದ ಮುಂದೆ ನಿಂತು ನನಗೆ ಕರೆ ಮಾಡಿದರು. ಅವರಲ್ಲಿ ಒಬ್ಬರು ಮಳೆಯಲ್ಲಿ ಬೈಕಿನಲ್ಲಿ ಬಂದಿದ್ದರು. ನಾನು ಅಲ್ಲಿಗೇ ಹೋಗಿ ಮೂವರಲ್ಲಿಯೂ ಕ್ಷಮೆ ಕೇಳಿದೆ, ಆಹ್ವಾನ ಹೋಗಿದ್ದ ಉಳಿದ ಎಲ್ಲರಿಗೂ ಒಬ್ಬೊಬ್ಬರಿಗಾಗಿ ಕರೆ ಮಾಡಿ ತಿದ್ದುಪಡಿ ತಿಳಿಸಿದೆ, ಸಂಜೆ ನಮ್ಮ ಹಿರಿಯರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅಂದಿನಿಂದ ಇಂದಿನವರೆಗೆ ಯಾವ ಪ್ರಕಟಣೆಯನ್ನಾದರೂ ಕಳುಹಿಸುವ ಮುನ್ನ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನಾಂಕ ಮತ್ತು ವಾರವನ್ನು ಹೊಂದಿಸಿ ನೋಡುತ್ತೇನೆ. ಪ್ರಕಟಣೆಯಲ್ಲಿ ಅಚ್ಚಾದ ದೂರವಾಣಿ ಸಂಖ್ಯೆಗೆ ಆ ಕಾಗದವನ್ನೇ ನೋಡಿಕೊಂಡು ನಾನೇ ಕರೆ ಮಾಡುತ್ತೇನೆ. ಹೆಸರುಗಳ ಕಾಗುಣಿತ, ಇನಿಷಿಯಲ್, ಹುದ್ದೆ ಇವುಗಳನ್ನು ಸಂಬಂಧಪಟ್ಟವರಿಂದಲೇ ಕೇಳಿ ಖಚಿತಪಡಿಸಿಕೊಳ್ಳುತ್ತೇನೆ. ಇಂಗ್ಲಿಷ್ ಪ್ರಕಟಣೆಯಾದರೆ ಊರಿನ ಹೆಸರುಗಳನ್ನೂ ನೋಡಬೇಕು: 2014ರ ನವೆಂಬರ್ 1ರಿಂದ ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಶಿವಮೊಗ್ಗವೇ ಆಗಿದೆ. ಇಲ್ಲಿಂದ ಹೋದ ಅಭ್ಯರ್ಥಿಯೇ ಹಳೆಯ ಕಾಗುಣಿತ ಬರೆದರೆ ಓದುವವರಿಗೆ ಬೇರೆ ಸಂಗತಿಗಳ ಮೇಲೂ ಅನುಮಾನ ಹುಟ್ಟುತ್ತದೆ.

ಹಾಗಾದರೆ ಅನುಭವವೇ ಇಲ್ಲದವರು ಅನುಭವವನ್ನು ತೋರಿಸುವುದು ಹೇಗೆ? ನಿಮ್ಮಲ್ಲಿ ಹಲವರ ಮನೆಯಲ್ಲಿ ಅಡಿಕೆ ತೋಟವಿದೆ. ಮಂಡಿಯಲ್ಲಿ ಅಡಿಕೆಗೆ ದರ ಬರೆಯುವ ವ್ಯಾಪಾರಿ ಏನು ಮಾಡುತ್ತಾನೆ ಎಂಬುದನ್ನು ನೋಡಿರುತ್ತೀರಿ. ಮೂಟೆಯ ಬಾಯಲ್ಲಿ ಕಾಣುವ ಅಡಿಕೆಯನ್ನು ನೋಡಿ ಅವನು ದರ ಬರೆಯುವುದಿಲ್ಲ; ಕೈ ಹಾಕಿ ಒಳಗಿನಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದೆರಡನ್ನು ಒಡೆದು ನೋಡಿ ಆಮೇಲೆ ಬರೆಯುತ್ತಾನೆ. ಬಯೋಡೇಟಾ ಮೂಟೆಯ ಬಾಯಿ ಇದ್ದಂತೆ. “ಉತ್ತಮ ಸಂವಹನ ಕೌಶಲ, ತಂಡದಲ್ಲಿ ಕೆಲಸ ಮಾಡುವ ಮನೋಭಾವ” ಎಂಬ ಸಾಲುಗಳು ಎಲ್ಲರ ಬಯೋಡೇಟಾದಲ್ಲಿಯೂ ಇರುತ್ತವೆ. ಒಳಗಿನಿಂದ ಒಂದು ಹಿಡಿ ತೆಗೆದಾಗ ಏನು ಸಿಗುತ್ತದೆ ಎಂಬುದೇ ಮುಖ್ಯ. ಅದಕ್ಕಾಗಿ ಈ ಒಂದು ವರ್ಷದಲ್ಲಿ ಐದಾರು ಕೆಲಸಗಳ ಒಂದು ಕಡತವನ್ನು ಸಿದ್ಧಪಡಿಸಿ. ನಿಮ್ಮ ಊರಿನ ಸ್ವಸಹಾಯ ಸಂಘಕ್ಕೆ, ಗ್ರಂಥಾಲಯಕ್ಕೆ, ನಾಟಕ ತಂಡಕ್ಕೆ, ಹೋಂಸ್ಟೇ ನಡೆಸುವ ಪರಿಚಿತರಿಗೆ ನಿಜವಾಗಿಯೂ ಬರೆದುಕೊಟ್ಟ ಪ್ರಕಟಣೆ, ಅದು ಪತ್ರಿಕೆಯಲ್ಲಿ ಬಂದಿದ್ದರೆ ಆ ತುಣುಕು, ಅದರ ಪಕ್ಕದಲ್ಲಿ ನಿಮ್ಮ ಮೊದಲ ಕರಡು. ಮೊದಲ ಕರಡನ್ನು ಇಡಲು ನಾಚಿಕೆಪಡಬೇಡಿ. ನೀವು ಹೇಗೆ ತಿದ್ದಿಕೊಳ್ಳುತ್ತೀರಿ ಎಂಬುದು ಅದರಿಂದಲೇ ತಿಳಿಯುವುದು. ಜಿಲ್ಲೆಯ ಒಂದು ಸಂಸ್ಥೆಗೆ ಪತ್ರಕರ್ತರು ಕೇಳಬಹುದಾದ ಹತ್ತು ಕಠಿಣ ಪ್ರಶ್ನೆಗಳು ಮತ್ತು ಅವುಗಳಿಗೆ ಪ್ರಾಮಾಣಿಕ ಉತ್ತರಗಳು. ಸರಿಯಾದ ಅಡಿಬರಹವಿರುವ ನಾಲ್ಕು ಛಾಯಾಚಿತ್ರಗಳು. ಇಷ್ಟು ಸಾಕು.

ಓದಿನ ಅಭ್ಯಾಸಕ್ಕೂ ಒಂದು ಪಾಠ ಕೊಡುತ್ತೇನೆ. 2023ರ ಫೆಬ್ರುವರಿ 27ರಂದು ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮರುದಿನದ ನಾಲ್ಕೈದು ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆಸಿ ಒಟ್ಟಿಗೆ ಹರಡಿಕೊಂಡು ಓದಿ. ರಾಜ್ಯಮಟ್ಟದ ಪತ್ರಿಕೆ ಮೊದಲ ಸಾಲಿಗೆ ಏನನ್ನು ತೆಗೆದುಕೊಂಡಿದೆ, ಸ್ಥಳೀಯ ಪತ್ರಿಕೆ ಏನನ್ನು ತೆಗೆದುಕೊಂಡಿದೆ, ಇಂಗ್ಲಿಷ್ ಪತ್ರಿಕೆ ಯಾವ ಅಂಕಿಅಂಶವನ್ನು ಹಿಡಿದಿದೆ, ಭೂಮಿ ಕೊಟ್ಟವರ ಮಾತು ಎಲ್ಲಾದರೂ ಇದೆಯೇ ಎಂದು ಗುರುತು ಹಾಕಿಕೊಳ್ಳಿ. ಒಂದೇ ಸಂಗತಿಯನ್ನು ಬೇರೆ ಬೇರೆ ಓದುಗರಿಗಾಗಿ ಹೇಗೆ ಬೇರೆ ಬೇರೆಯಾಗಿ ಹೇಳಬೇಕಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಸಾಧ್ಯವಾದರೆ ಎರಡು ಮೂರು ತಿಂಗಳು ಇಲ್ಲಿನ ಯಾವುದಾದರೂ ದಿನಪತ್ರಿಕೆಯ ಕಚೇರಿಯಲ್ಲಿ ಸಂಜೆ ಹೊತ್ತು ಕುಳಿತು ಕೆಲಸ ಮಾಡಿ. ಏಳು ಗಂಟೆಗೆ ಬಂದ ಪ್ರಕಟಣೆಯ ಗತಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮುಂದೆಂದೂ ಏಳು ಗಂಟೆಗೆ ಪ್ರಕಟಣೆ ಕಳುಹಿಸುವುದಿಲ್ಲ.

ನಿಮ್ಮಲ್ಲಿ ಹಲವರಿಗೆ ಇಂಗ್ಲಿಷಿನ ಭಯವಿದೆ ಎಂಬುದು ನನಗೆ ಗೊತ್ತು. ತೀರ್ಥಹಳ್ಳಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ ಬೆಂಗಳೂರಿಗೆ ಹೋದವಳು ನಾನು. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ದಿನಕ್ಕೊಂದು ವಾಣಿಜ್ಯ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ, ಪತ್ರಿಕೆ ಮುಚ್ಚಿಟ್ಟು, ಐದು ವಾಕ್ಯಗಳಲ್ಲಿ ಅದನ್ನು ಇಂಗ್ಲಿಷಿನಲ್ಲಿಯೇ ಬರೆಯಿರಿ. ಆರು ತಿಂಗಳು ತಪ್ಪದೆ ಮಾಡಿದರೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ. ಆದರೆ ಒಳ್ಳೆಯ ಕನ್ನಡವನ್ನು ನಿಮ್ಮ ಕೊರತೆಯ ಪಟ್ಟಿಯಲ್ಲಿ ಸೇರಿಸಬೇಡಿ. ಬೆಂಗಳೂರಿನ ಏಜೆನ್ಸಿಗಳಿಂದ ಕನ್ನಡ ಪತ್ರಿಕೆಗಳಿಗೆ ಹೋಗುವ ಅನುವಾದಿತ ಪ್ರಕಟಣೆಗಳನ್ನು ನೋಡಿದರೆ ಸಂಕಟವಾಗುತ್ತದೆ. “ಸಂಸ್ಥೆಯು ರೈತ ಸಮುದಾಯದ ಸಬಲೀಕರಣದೆಡೆಗೆ ಬದ್ಧವಾಗಿದ್ದು, ಕೊನೆಯ ಮೈಲಿಯ ಸಂಪರ್ಕವನ್ನು ಖಚಿತಪಡಿಸಲು ಉತ್ಸುಕವಾಗಿದೆ” ಎಂಬಂಥ ವಾಕ್ಯವನ್ನು ಯಾವ ರೈತ ಓದುತ್ತಾನೆ? ಅನುವಾದ ಮಾಡಿದವರು ಕ್ಲೈಂಟ್‌ಗೆ ಒಂದು ಕರೆ ಮಾಡಿ, ಕೊನೆಯ ಮೈಲಿ ಎಂದರೆ ನೀವು ನಿಜವಾಗಿ ಮಾಡುತ್ತಿರುವುದು ಏನು ಎಂದು ಕೇಳಿದ್ದರೆ, “ತೋಟದ ಬಾಗಿಲಿಗೇ ಗೊಬ್ಬರ ತಲುಪಿಸುವ ವ್ಯವಸ್ಥೆಯನ್ನು ಸಂಸ್ಥೆ ಆರಂಭಿಸಿದೆ” ಎಂಬ ಸುದ್ದಿ ಸಿಗುತ್ತಿತ್ತು. ಯಂತ್ರಗಳು ಈಗ ಕ್ಷಣದಲ್ಲಿ ಅನುವಾದ ಮಾಡಿಕೊಡುತ್ತವೆ, ಕರಡನ್ನೂ ಬರೆದುಕೊಡುತ್ತವೆ. ಆದರೆ ಆ ಕರೆಯನ್ನು ಮಾಡಬೇಕಾದವರು ನೀವೇ.

ನಾಡಿನ ತಿಳಿವಳಿಕೆಯೂ ಹೀಗೆಯೇ ಬೆಲೆ ಬಾಳುವಂಥದು. ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಹಗಲೆಲ್ಲ ಕೊಯ್ಲು, ರಾತ್ರಿ ಸುಲಿಯುವ ಕೆಲಸ. ಆಗ ಬೆಳೆಗಾರರ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕುರ್ಚಿಗಳಷ್ಟೇ ಉಳಿಯುತ್ತವೆ ಎಂಬುದು ನಿಮಗೆ ಗೊತ್ತು, ದೂರದ ಕಚೇರಿಯಲ್ಲಿ ಕುಳಿತು ಯೋಜನೆ ರೂಪಿಸುವವರಿಗೆ ಗೊತ್ತಿಲ್ಲ. ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮದಲ್ಲಿ ಬಂದ ಮಾತಿಗೆ ಹಳ್ಳಿಗಳಲ್ಲಿ ಇರುವ ತೂಕವೂ ಅವರ ಲೆಕ್ಕದಲ್ಲಿ ಇರುವುದಿಲ್ಲ.

ಕೆಲಸ ಎಲ್ಲೆಲ್ಲಿದೆ ಎಂದು ಕೇಳುತ್ತೀರಿ. ಏಜೆನ್ಸಿಗಳು, ಕಂಪನಿಗಳ ಸಂವಹನ ವಿಭಾಗಗಳು, ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು, ಸ್ವಯಂಸೇವಾ ಸಂಸ್ಥೆಗಳು, ಹಾಲು ಒಕ್ಕೂಟ ಮತ್ತು ಅಡಿಕೆ ಮಾರಾಟದಂಥ ಸಹಕಾರ ಸಂಸ್ಥೆಗಳು. ಸರ್ಕಾರದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿದೆ. ಪ್ರತಿ ಜಿಲ್ಲೆಯಲ್ಲಿಯೂ ಅದರ ಕಚೇರಿ ಇದೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಪತ್ರಿಕೋದ್ಯಮ ಪದವೀಧರರಿಗಾಗಿ ಅಪ್ರೆಂಟಿಸ್ ತರಬೇತಿಗೆ ಇಲಾಖೆ ಅರ್ಜಿ ಕರೆಯುವುದುಂಟು. ಆ ಪ್ರಕಟಣೆಗಳ ಮೇಲೆ ಕಣ್ಣಿಡಿ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ: “ಪಿಆರ್‌ಒ ಬೇಕಾಗಿದ್ದಾರೆ” (ಅಂದರೆ ಸಾರ್ವಜನಿಕ ಸಂಪರ್ಕಾಧಿಕಾರಿ) ಎಂಬ ಜಾಹೀರಾತನ್ನು ನೋಡಿದ ಕೂಡಲೇ ಸಂಭ್ರಮಿಸಬೇಡಿ. ಹಲವು ಆಸ್ಪತ್ರೆಗಳಲ್ಲಿ ಆ ಹುದ್ದೆ ಎಂದರೆ ಸ್ವಾಗತ ಕೌಂಟರಿನಲ್ಲಿ ರೋಗಿಗಳ ಕಡೆಯವರಿಗೆ ನೆರವಾಗುವ ಕೆಲಸ; ಕೆಲವು ಸಣ್ಣ ಸಂಸ್ಥೆಗಳಲ್ಲಿ ಅದು ಮನೆಮನೆಗೆ ಹೋಗಿ ಮಾರಾಟ ಮಾಡುವ ಕೆಲಸ. ಎರಡೂ ಗೌರವದ ದುಡಿಮೆಯೇ, ಆದರೆ ನೀವು ಕಲಿಯಬೇಕೆಂದಿರುವ ಕೆಲಸ ಅದಲ್ಲ. ದಿನಕ್ಕೆ ಎಷ್ಟು ಹೊತ್ತು ಬರೆಯಬೇಕಾಗುತ್ತದೆ, ಪತ್ರಕರ್ತರೊಂದಿಗೆ ಯಾರು ಮಾತನಾಡುತ್ತಾರೆ, ನನ್ನ ಕರಡನ್ನು ಯಾರು ತಿದ್ದುತ್ತಾರೆ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಉತ್ತರವಾಗಿ ಬಂದರೆ ಅಲ್ಲಿ ಸೇರಿಕೊಳ್ಳಿ, ಸಂಬಳ ಸ್ವಲ್ಪ ಕಡಿಮೆಯಿದ್ದರೂ. ಕೆಲಸ ಕೊಡಲು ಮುಂಗಡ ಹಣ ಕೇಳುವವರಿಂದ ದೂರವಿರಿ.

ಅರ್ಜಿಯ ಇಮೇಲ್ ನೀವು ಕಳುಹಿಸುವ ಮೊದಲ ಪತ್ರಿಕಾ ಪ್ರಕಟಣೆ ಎಂದೇ ತಿಳಿಯಿರಿ. ಐವತ್ತು ಸಂಸ್ಥೆಗಳ ವಿಳಾಸವನ್ನು ಒಟ್ಟಿಗೆ ಹಾಕಿ ಕಳುಹಿಸಿದ ಅರ್ಜಿಯನ್ನು ನಾನು ತೆರೆಯುವುದಿಲ್ಲ, ಏಕೆಂದರೆ ಅದೇ ವ್ಯಕ್ತಿ ನಾಳೆ ಐವತ್ತು ಪತ್ರಕರ್ತರಿಗೆ ಹಾಗೆಯೇ ಕಳುಹಿಸುತ್ತಾನೆ. ವಿಷಯದ ಸಾಲಿನಲ್ಲಿ ನಿಮ್ಮ ಹೆಸರು ಮತ್ತು ನೀವು ಬಯಸುವ ಹುದ್ದೆ, ಮೊದಲ ಎರಡು ವಾಕ್ಯಗಳಲ್ಲಿ ಈ ಸಂಸ್ಥೆಯ ಯಾವ ಕೆಲಸವನ್ನು ಗಮನಿಸಿ ಬರೆಯುತ್ತಿದ್ದೀರಿ ಎಂಬುದು, ಅನಂತರ ನಿಮ್ಮ ಕಡತದಿಂದ ಒಂದೇ ಒಂದು ಮಾದರಿ. ಒಂದು ವಾರ ಉತ್ತರ ಬಾರದಿದ್ದರೆ ವಿನಯದಿಂದ ಒಮ್ಮೆ ನೆನಪಿಸಿ. ಎರಡನೆಯ ನೆನಪೋಲೆಯ ನಂತರ ನಿಲ್ಲಿಸಿ. ಈ ಕ್ಷೇತ್ರದಲ್ಲಿರುವ ಹಿರಿಯರನ್ನು ಕೆಲಸಕ್ಕಾಗಿ ಅಲ್ಲ, ಹದಿನೈದು ನಿಮಿಷದ ಮಾತುಕತೆಗಾಗಿ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ.

ಸಂದರ್ಶನದಲ್ಲಿ ಬರವಣಿಗೆಯ ಪರೀಕ್ಷೆ ಇರುತ್ತದೆ. ಒಂದು ರೆಸಾರ್ಟಿನಲ್ಲಿ ಊಟ ಮಾಡಿದ ಅತಿಥಿಗಳು ಅಸ್ವಸ್ಥರಾಗಿದ್ದಾರೆ, ಅರ್ಧ ಗಂಟೆಯಲ್ಲಿ ಮೊದಲ ಹೇಳಿಕೆ ಬರೆಯಿರಿ ಎನ್ನಬಹುದು. ಬಹಳ ಮಂದಿ ಸಂಸ್ಥೆಯ ಹೆಗ್ಗಳಿಕೆಯಿಂದ ಆರಂಭಿಸಿ, ತಪ್ಪು ನಮ್ಮದಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಅಸ್ವಸ್ಥರಾದವರು ಈಗ ಎಲ್ಲಿದ್ದಾರೆ, ಅವರಿಗೆ ಏನು ಚಿಕಿತ್ಸೆ ಸಿಗುತ್ತಿದೆ, ಅಡುಗೆಮನೆಯನ್ನು ಮುಚ್ಚಲಾಗಿದೆಯೇ, ಕಾರಣ ಇನ್ನೂ ತಿಳಿದಿಲ್ಲ, ಮುಂದಿನ ಮಾಹಿತಿಯನ್ನು ಎಷ್ಟು ಗಂಟೆಗೆ ಕೊಡುತ್ತೇವೆ ಎಂಬ ಕ್ರಮದಲ್ಲಿ ಬರೆದವರನ್ನು ನಾನು ಆರಿಸಿಕೊಳ್ಳುತ್ತೇನೆ. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ಸಯನೈಡ್ ಬೆರೆಸಿದ್ದ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಂದ ಏಳು ಮಂದಿ ಸತ್ತಾಗ, ತಪ್ಪು ತನ್ನದಲ್ಲದಿದ್ದರೂ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ದೇಶದಾದ್ಯಂತ ಹಿಂದಕ್ಕೆ ಪಡೆಯಿತು. ಜನರ ಪ್ರಾಣದ ಪ್ರಶ್ನೆ ಮೊದಲು, ಕಂಪನಿಯ ಹೆಸರು ಅನಂತರ ಎಂಬ ಕ್ರಮವನ್ನು ಅದು ಬರಿ ಹೇಳಿಕೆಯಲ್ಲಿ ಅಲ್ಲ, ಖರ್ಚು ಮಾಡಿ ತೋರಿಸಿತು. ಮುಚ್ಚಳಕ್ಕೆ ಮುದ್ರೆಯಿರುವ ಹೊಸ ಬಾಟಲಿಯೊಂದಿಗೆ ಮಾರುಕಟ್ಟೆಗೆ ಮರಳಿದಾಗ ಜನ ಅದನ್ನು ಮತ್ತೆ ಕೊಂಡರು. ಹೇಳಿಕೆ ಎಷ್ಟೇ ಚೆನ್ನಾಗಿದ್ದರೂ ಅದರ ಹಿಂದೆ ಕ್ರಿಯೆ ಇಲ್ಲದಿದ್ದರೆ ಅದನ್ನು ಉಳಿಸಲು ಯಾವ ಪಿಆರ್‌ನವರಿಂದಲೂ ಆಗುವುದಿಲ್ಲ.

ಕೆಲಸ ಸಿಕ್ಕಿದ ಮೇಲೆ ಎರಡು ಒತ್ತಡಗಳು ಬರುತ್ತವೆ. ಮೊದಲನೆಯದು, ಪತ್ರಿಕೆಯಲ್ಲಿ ಬಂದ ಸುದ್ದಿಯ ಉದ್ದಗಲವನ್ನು ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟು ದರವೋ ಅಷ್ಟು ಲಾಭವಾಯಿತು ಎಂದು ವರದಿ ಬರೆಯುವಂತೆ ಹೇಳುವುದು. ಈ ಲೆಕ್ಕ ಸಾರ್ವಜನಿಕ ಸಂಪರ್ಕದ ಬೆಲೆಯನ್ನು ಹೇಳುವುದಿಲ್ಲ ಎಂದು 2010ರಲ್ಲಿಯೇ ಬಾರ್ಸಿಲೋನಾದಲ್ಲಿ ಸೇರಿದ ವೃತ್ತಿಪರರು ಒಪ್ಪಿ ದಾಖಲಿಸಿದ್ದಾರೆ. ಶಿಬಿರಕ್ಕೆ ಎಷ್ಟು ಬೆಳೆಗಾರರು ಎಲೆ ಹಿಡಿದುಕೊಂಡು ಬಂದರು ಎಂಬುದನ್ನು ಎಣಿಸಿ. ಎರಡನೆಯದು ಹೆಚ್ಚು ಅಪಾಯದ್ದು: ಪತ್ರಿಕಾಗೋಷ್ಠಿಯ ಕೊನೆಗೆ “ಕವರ್” ಹಂಚುವ ಕೆಲಸವನ್ನು ಹೊಸಬರ ಕೈಗೆ ಕೊಡುವ ಕಡೆಗಳಿವೆ. ದಯವಿಟ್ಟು ಒಪ್ಪಿಕೊಳ್ಳಬೇಡಿ. ಹಾಗೆ ಹಣ ಕೊಟ್ಟು ಬರೆಸಿದ ಸುದ್ದಿ ಓದುಗನಿಗೆ ಮಾಡುವ ಮೋಸ. ಅದರಲ್ಲಿ ನಿಮ್ಮ ಕೈ ಇತ್ತು ಎಂಬುದನ್ನು ಪ್ರಾಮಾಣಿಕ ಪತ್ರಕರ್ತರು ಎಂದಿಗೂ ಮರೆಯುವುದಿಲ್ಲ, ಮರೆಯಲೂಬಾರದು. ಇದು ನನ್ನಿಂದಾಗದು ಎಂದು ಶಾಂತವಾಗಿ, ಒಬ್ಬರೇ ಇರುವಾಗ, ನಿಮ್ಮ ಹಿರಿಯರಿಗೆ ಹೇಳಿ. ಅದಕ್ಕಾಗಿ ಕೆಲಸ ಹೋಗುವುದಾದರೆ ಹೋಗಲಿ, ಅಂಥ ಕಡೆ ಕಲಿಯುವುದಕ್ಕೆ ಏನೂ ಇರುವುದಿಲ್ಲ.

ಸಭೆಯ ಕೊನೆಯಲ್ಲಿ ಹೊಸನಗರ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಮೇಡಂ, ಬೆಂಗಳೂರಿಗೆ ಹೋಗಲೇಬೇಕಾ? ಅಪ್ಪ, ಅಮ್ಮ ಇಬ್ಬರೇ ಇದ್ದಾರೆ, ತೋಟ ಇದೆ.” ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಆಗುವುದಾದರೆ ಮೂರು ವರ್ಷ ಹೋಗಿ ಬಾಮ್ಮ. ದಿನವೂ ಹತ್ತು ಜನ ತಿದ್ದುವ ಜಾಗ ಈಗ ಅಲ್ಲಿಯೇ ಇರುವುದು. ಹೋಗಲು ಆಗದಿದ್ದರೆ ಇಲ್ಲಿಯೇ ಎರಡು ಸಂಸ್ಥೆಗಳನ್ನು ಹಿಡಿದುಕೋ, ಒಂದು ಸಹಕಾರ ಸಂಘ, ಒಂದು ಶಾಲೆ ಅಥವಾ ಆಸ್ಪತ್ರೆ. ತಿಂಗಳಿಗೆ ಇಷ್ಟು ಬರವಣಿಗೆ, ಇಷ್ಟು ಸಂಭಾವನೆ ಎಂದು ಕಾಗದದ ಮೇಲೆ ಬರೆದುಕೊಂಡು ಆರಂಭಿಸು, ಬಾಯಿಮಾತಿನಲ್ಲಿ ಬೇಡ. ಮೊದಲ ಪ್ರಕಟಣೆಯ ಕರಡನ್ನು ನನಗೆ ಕಳುಹಿಸು, ತಿದ್ದಿ ಕೊಡುತ್ತೇನೆ. ಅವಳು ನನ್ನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಒಂದೊಂದೇ ಅಂಕಿಯನ್ನು ನನಗೆ ಓದಿ ಹೇಳಿ ಸರಿಯಿದೆಯೇ ಎಂದು ಕೇಳಿಕೊಂಡು ಹೋದಳು.